ಮುಂದಕ್ಕೆ ತಿರುಗುವ ಪರದೆ

ಆ ಪರದೆ ಮುಂದಕ್ಕೆ ತಿರುಗದೆ ಇದ್ದಿದ್ದರೆ ಲಿಸಿಯಾಟೆ ಆ ಕ್ಯಾಮೆರಾವನ್ನು ಆಗಲೇ ಒಪ್ಪಿಕೊಂಡುಬಿಡುತ್ತಿದ್ದ.

ಮಿಕ್ಕಿದ್ದೆಲ್ಲ ಸರಿಯಾಗಿತ್ತು. ಅಂಗೈ ತುಂಬ ಕೂರುವ ಗಾತ್ರ. ಒಳಗೆ ಕನ್ನಡಿಯ ಗೋಜಿಲ್ಲದ್ದರಿಂದ ತೂಕವೂ ಇಲ್ಲ, ಸದ್ದೂ ಇಲ್ಲ. ಕೈ ನಡುಗಿದರೂ ಚಿತ್ರ ನಡುಗದು. ಮಂದ ಬೆಳಕಿನಲ್ಲೂ ವಿಡಿಯೋ ಕಾಳುಕಾಳಾಗದು. ಆದರೆ ಬೆನ್ನ ಮೇಲಿನ ಪುಟ್ಟ ಪರದೆ ಕಿಟಕಿಯ ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಂಡು, ಗಿರಕ್ಕನೆ ತಿರುಗಿ, ಎದುರಿಗೆ ನಿಂತವನ ಮುಖವನ್ನು ಅವನಿಗೇ ತೋರಿಸುತ್ತಿತ್ತು. ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುವವನಂಥ ಒಂದು ಮುಖ ಅದರಲ್ಲಿ ಕಂಡಿತು. ಅದು ತನ್ನದೆಂದು ತಿಳಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ಪರದೆಯನ್ನು ಮಡಚಿಟ್ಟ.

"ಇದೇ ಇದರ ಹೆಚ್ಚುಗಾರಿಕೆ. ಈಗ ಬರೋರೆಲ್ಲ ಇದನ್ನೇ ಕೇಳ್ತಾರೆ" ಎಂದ ಅಂಗಡಿಯ ಡಂಕನ್.

"ನಾನು ಕೇಳಲಿಲ್ಲ."

"ಕೇಳ್ದೆ ಇದ್ರೂ ಬರುತ್ತೆ. ಅದಕ್ಕೆ ಬೇರೆ ಕಾಸಿಲ್ಲ."

ಹಿಂದಿನಿಂದ ಸೈಮೋನೆ ನಕ್ಕ. ಅಂಗಡಿಯ ಗಾಜಿನ ಕಪಾಟುಗಳು ಅದುರುವಂಥ ನಗೆ. ಸೈಮೋನೆ ಲಿಸಿಯಾಟೆಯ ಸೋದರತ್ತೆಯ ಮಗ. ವಾರವೆಲ್ಲ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವವನು, ಶನಿವಾರ ಬಂತೆಂದರೆ ಊರವರ ಮದುವೆಗಳಲ್ಲಿ ಫೋನು ಹಿಡಿದು ವಿಡಿಯೋ ತೆಗೆಯುವವನು. ಅವನ ವಿಡಿಯೋಗಳಲ್ಲಿ ಅರ್ಧ ಹೊತ್ತು ಅವನ ಹೆಬ್ಬೆರಳೇ ಇರುತ್ತಿತ್ತು. ಅವರ ಮೂಲನಾಡಾದ ಟೋಂಗಾ ದ್ವೀಪಗಳಲ್ಲಿ ಕೂತು ನೋಡುವ ನೆಂಟರಿಷ್ಟರು ಆ ಹೆಬ್ಬೆರಳನ್ನೂ ಗುರುತು ಹಿಡಿದು ಕ್ಷೇಮ ವಿಚಾರಿಸುತ್ತಿದ್ದರು.

ಲಿಸಿಯಾಟೆ ಒಬ್ಬನೇ ಬರಬೇಕೆಂದುಕೊಂಡಿದ್ದ. ಚಳಿಗಾಲ ಪೂರ್ತಿ ಒಬ್ಬನೇ ಕೂತು ಈ ಪುಟ್ಟ ಕ್ಯಾಮೆರಾಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದ. ಯಾವುದರ ಬಣ್ಣ ಚರ್ಮಕ್ಕೆ ಒಪ್ಪುತ್ತದೆ, ಯಾವುದರ ಬ್ಯಾಟರಿ ನಡುವೆ ಕೈಕೊಡುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವನಾಗಿದ್ದ. ವಿಶ್ವವಿದ್ಯಾಲಯದಲ್ಲಿ ಸಿನಿಮಾದ ಬಗ್ಗೆ ಪಾಠ ಹೇಳುತ್ತಿದ್ದವನು ಇಷ್ಟು ವರ್ಷ ಒಂದು ಅಡಿ ಸಿನಿಮಾವನ್ನೂ ತೆಗೆದಿರಲಿಲ್ಲ. ಆದರೆ ಟೋಂಗಾದಿಂದ ಬಂದವರೇ ತುಂಬಿದ ಅವನ ಬಡಾವಣೆ ಮಾಂಗೆರೆಯಲ್ಲಿ ಯಾರೂ ಎಲ್ಲಿಗೂ ಒಬ್ಬರೇ ಹೋಗುವುದಿಲ್ಲ. ನಾಳೆ ಸೋದರತ್ತೆಗೆ ಎಪ್ಪತ್ತು ತುಂಬುತ್ತದೆ. ಕೆಸುವಿನ ಗೆಡ್ಡೆ, ಡಬ್ಬಿ ಮಾಂಸ, ಮೀನು ತರಲು ಸೈಮೋನೆಯ ವ್ಯಾನು ಹೇಗೂ ಪೇಟೆಗೆ ಹೊರಟಿತ್ತು. ಲಿಸಿಯಾಟೆ ಹತ್ತಿದ. ಅವನ ತಾಯಿ ಮೆಲಿಯಾಮೆ ಅವನಿಗಿಂತ ಮೊದಲೇ ಹತ್ತಿ ಕೂತಿದ್ದಳು.

"ಮೇಷ್ಟ್ರೇ, ಬೇಗ ಆರಿಸಿ. ಮೀನು ಕಾಯಲ್ಲ" ಎಂದ ಸೈಮೋನೆ.

"ಇನ್ನೊಂದನ್ನ ತೋರಿಸಿ" ಎಂದ ಲಿಸಿಯಾಟೆ.

ಡಂಕನ್ ತೋರಿಸಿದ್ದು ಅವನು ಓದುತ್ತ ಓದುತ್ತ ಮನಸೋತಿದ್ದ ಕ್ಯಾಮೆರಾ. ಗಾತ್ರ ಅಷ್ಟೇ. ಪರದೆ ಬೆನ್ನಿಗೇ ಅಂಟಿಕೊಂಡಿತ್ತು, ಎತ್ತಲೂ ತಿರುಗುತ್ತಿರಲಿಲ್ಲ. ಮೂಲೆಯಲ್ಲಿ ಕಣ್ಣು ಒತ್ತಿ ನೋಡುವ ಕಿಂಡಿಯೊಂದಿತ್ತು. ಲಿಸಿಯಾಟೆ ಕಣ್ಣು ಒತ್ತಿದ. ಅಂಗಡಿ ದೂರ ಸರಿಯಿತು. ಅಮ್ಮ, ಸೈಮೋನೆ, ಡಂಕನ್ ಎಲ್ಲರೂ ಒಂದು ಬೆಚ್ಚನೆಯ ಕತ್ತಲೆಯ ಆಚೆ ತುದಿಯಲ್ಲಿ ನಿಂತರು. ಅವನು ಅವರನ್ನು ನೋಡಬಹುದಿತ್ತು; ಅವರಿಗೆ ಅವನ ಮುಖ ಕಾಣುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಸರಾಗವಾಗಿ ಉಸಿರಾಡಿದಂತಾಯಿತು.

"ಇದೇ ಸರಿ" ಎಂದ, ಕಣ್ಣು ತೆಗೆಯದೆ.

"ಏನು ತೆಗೀತೀಯೋ ಅದರಲ್ಲಿ?" ಎಂದು ಮೆಲಿಯಾಮೆ ಕೇಳಿದಳು.

ಹೇಳಬಾರದಿತ್ತು. ಹೇಳಿದ. ನಾಳೆ ಬೆಳಕು ಹರಿಯುವಾಗ ಮನುಕಾವ್ ಕೊಲ್ಲಿಯಲ್ಲಿ ನೀರು ಇಳಿಯುತ್ತಿರುತ್ತದೆ. ಕೊನೆಗೆ ಉಳಿಯುವುದು ಬರೀ ಕೆಸರುಬಯಲು. ಸೇತುವೆಯ ಕೆಳಗೆ ಕ್ಯಾಮೆರಾ ಇಟ್ಟು, ನೀರು ಇಳಿಯುವುದನ್ನು ಎಲ್ಲೂ ಕತ್ತರಿಸದೆ, ಒಂದೇ ಉಸಿರಿನಲ್ಲಿ ಹಿಡಿಯಬೇಕು. ಭಾನುವಾರವಾದ್ದರಿಂದ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

"ಅಂದ್ರೆ, ಸಿನಿಮಾದಲ್ಲಿ ಜನಾನೇ ಇಲ್ಲ?" ಎಂದ ಸೈಮೋನೆ.

"ಇಲ್ಲ."

"ಜನ ಇಲ್ದಿರೋ ಸಿನಿಮಾನ ಯಾರು ನೋಡ್ತಾರೆ? ಜನ ಇಲ್ದೋರಾ?"

ಡಂಕನ್ ಕೂಡ ನಕ್ಕುಬಿಟ್ಟ. ಮೆಲಿಯಾಮೆ ನಗಲಿಲ್ಲ. ಟೋಂಗಾದ ರೂಢಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆಯ ಅಂಚನ್ನು ಎಳೆದು ಸರಿಮಾಡಿಕೊಂಡಳು.

"ಭಾನುವಾರ ಬೆಳಿಗ್ಗೆ ಚರ್ಚು. ಅತ್ತೆಗೋಸ್ಕರ ಪ್ರಾರ್ಥನೆ."

"ಮುಗಿಸ್ಕೊಂಡು ಬರ್ತೀನಿ."

"ಬರ್ತೀಯ?"

"ನೋಡೋಣ."

ಮಗನ 'ನೋಡೋಣ'ಕ್ಕೆ ಏನರ್ಥವೆಂದು ಅವಳಿಗೆ ಅವನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಗೊತ್ತಿತ್ತು.

"ಒಂದೇ ಉಸಿರಿನಲ್ಲಿ ಅಂದ್ರಲ್ಲ, ಅಷ್ಟು ಹೊತ್ತು ಓಡಿಸ್ತೀರಾ? ಹಾಗಾದ್ರೆ ಇಲ್ಲೇ ಓಡಿಸಿ ನೋಡಿಬಿಡಿ" ಎಂದ ಡಂಕನ್. "ಮೈ ಸಣ್ಣದಲ್ವಾ, ಒಳಗಿನ ಕಾವು ಹೊರಗೆ ಹೋಗಲ್ಲ."

ಲಿಸಿಯಾಟೆಗೆ ಇದೂ ಗೊತ್ತಿತ್ತು, ಓದಿದ್ದ. ಆದರೆ ಬರೆದವರು ಎಲ್ಲ ಬಿಸಿಲೂರಿನವರು, ನಮ್ಮ ವಸಂತಕ್ಕೆ ಏನೂ ಆಗದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿದ. ಎದುರಿಗೆ ಏನಾದರೂ ಬೇಕಲ್ಲ ಎಂದು ಸೈಮೋನೆ ಒಂದು ಕುರ್ಚಿ ಎಳೆದು ತಂದು, "ಅತ್ತೇ, ಕೂತ್ಕೊಳ್ಳಿ, ನೀವೇ ಹೀರೋಯಿನ್ನು" ಎಂದು ಮೆಲಿಯಾಮೆಯನ್ನು ಕೂರಿಸಿದ. ಅವಳು ಪಾಸ್‌ಪೋರ್ಟಿನ ಫೋಟೋಗೆ ಕೂತಂತೆ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲೆ ಜೋಡಿಸಿ ಕೂತಳು.

"ಅಲ್ಲಾಡಬಾರ್ದಾ?"

"ಅಲ್ಲಾಡಬಹುದು, ಅಮ್ಮ. ಇದು ವಿಡಿಯೋ."

"ಮಾತಾಡಬಹುದಾ?"

"ಮಾತಾಡು."

ಸೈಮೋನೆ ಮೀನಿನಂಗಡಿಗೆ ಹೋಗಿ ಬಂದ. ಡಂಕನ್ ಇನ್ಯಾರಿಗೋ ಚೀಲ ಮಾರಿ ಬಂದ. ಮೆಲಿಯಾಮೆ ಮಾತಾಡುತ್ತಲೇ ಇದ್ದಳು. ಮೊದಲು ಟೋಂಗಾದಲ್ಲಿರುವ ತಂಗಿಗೆ ಹೇಳುವಂತೆ ಕ್ಯಾಮೆರಾಗೆ ನಮಸ್ಕಾರ ಹೇಳಿದಳು. ಮೊಣಕಾಲ ನೋವು ಹೇಳಿದಳು. ಆಮೇಲೆ ನಿಧಾನಕ್ಕೆ ಕ್ಯಾಮೆರಾ ಮರೆತುಹೋಯಿತು. ಲಿಸಿಯಾಟೆ ಕಿಂಡಿಗೆ ಕಣ್ಣು ಒತ್ತಿ ನಿಂತಿದ್ದ. ಅಮ್ಮನ ಕೆಳದವಡೆಯಲ್ಲಿ ಒಂದು ಹಲ್ಲು ಬಿದ್ದುಹೋಗಿದೆ. ಯಾವಾಗ ಬಿತ್ತೋ.

"ನಿಮ್ಮಪ್ಪ ಮೊದಲ್ನೇ ಸಲ ಈ ಊರಿಗೆ ಬಂದಾಗ," ಎನ್ನುತ್ತಿದ್ದಳು ಅವಳು, "ಒಂದು ದೊಡ್ಡ ಅಂಗಡೀಗೆ ಹೋದ್ವಿ. ಕಳ್ರನ್ನ ಹಿಡಿಯೋಕೆ ಮೇಲೆ ಒಂದು ಟಿವಿ ಇಟ್ಟಿರ್ತಾರಲ್ಲ, ಅದ್ರಲ್ಲಿ ಯಾರೋ ಕಂಡ. ಇವರು ನಿಂತ್ರು. ಅವನೂ ನಿಂತ. 'ಮೆಲಿಯಾಮೆ, ಅಲ್ನೋಡು, ಯಾರೋ ನಮ್ಮೂರವನ ಹಾಗೆ ಕಾಣ್ತಾನೆ' ಅಂದ್ರು. ಟೋಪಿ ತೆಗೆದು ನಮಸ್ಕಾರ ಬೇರೆ ಹಾಕಿದ್ರು! ಅವನೂ ಟೋಪಿ ತೆಗೆದ. ಆಮೇಲೆ ಏನಾಯ್ತು ಗೊತ್ತಾ—"

ಕಿಂಡಿ ಕಪ್ಪಾಯಿತು. ಕ್ಯಾಮೆರಾದ ಮೈ ಆಗತಾನೆ ಇಳಿಸಿದ ಚಹದ ಲೋಟದಂತೆ ಸುಡುತ್ತಿತ್ತು.

"ಆಯ್ತಾ?" ಎಂದಳು ಮೆಲಿಯಾಮೆ.

"ಆಯ್ತು."

"ನಿಮ್ಮಮ್ಮನ ಮಾತು ಕೇಳಿ ಮೂರ್ಛೆ ಹೋಯ್ತು, ಪಾಪ" ಎಂದ ಸೈಮೋನೆ.

ಆಮೇಲೆ ಏನಾಯಿತು ಎಂದು ಲಿಸಿಯಾಟೆ ಕೇಳಬಹುದಿತ್ತು. ಅವನ ಗಮನ ಆರಿಹೋದ ಕ್ಯಾಮೆರಾದ ಮೇಲಿತ್ತು. ಇಳಿತದ ನೀರು ಅರ್ಧಕ್ಕೆ ಬಂದಾಗ ಇದು ಹೀಗೆ ಕಣ್ಣು ಮುಚ್ಚಿದರೆ? ಡಂಕನ್ ಮೊದಲನೆಯ ಕ್ಯಾಮೆರಾವನ್ನು ಅದೇ ಮುಕ್ಕಾಲಿಗೆ ಏರಿಸಿದ. ಅದು ಓಡಿತು. ಈ ಸಲ ಕುರ್ಚಿಯಲ್ಲಿ ಸೈಮೋನೆ ಕೂತು ನಿದ್ದೆ ಹೊಡೆದ. ಗೊರಕೆ ಸಮೇತ ಎಲ್ಲವನ್ನೂ ಹಿಡಿಯಿತು. ಮುಟ್ಟಿ ನೋಡಿದರೆ ಮೈ ಬೆಚ್ಚಗಿತ್ತು, ಅಷ್ಟೇ. ಪರದೆ ತೆರೆದು ನಿಲ್ಲುತ್ತದಲ್ಲ, ಬೆನ್ನಿಗೆ ಗಾಳಿಯಾಡುತ್ತದೆ, ಅದಕ್ಕೇ ಕಾವು ಕೂರುವುದಿಲ್ಲ ಎಂದು ಡಂಕನ್ ವಿವರಿಸಿದ.

ಬೇಡವಾದದ್ದು ಇರುವುದರಿಂದಲೇ ಬೇಕಾದದ್ದು ನಡೆಯುತ್ತದೆ. ಲಿಸಿಯಾಟೆ ಕಾರ್ಡು ಉಜ್ಜಿದ.

"ಪರದೇನ ಮುಂದಕ್ಕೆ ತಿರುಗಿಸದೆ ಇದ್ರಾಯ್ತು. ನನಗೆ ಅದು ಬೇಕಾಗಿಲ್ಲ" ಎಂದ. ಯಾರೂ ಕೇಳಿರಲಿಲ್ಲ.

ವ್ಯಾನಿನಲ್ಲಿ ಕೆಸುವಿನ ಗೆಡ್ಡೆಯ ಮೂಟೆ, ತೆಂಗಿನಕಾಯಿ, ಡಬ್ಬಿಗಳ ಗೋಪುರ, ನೆಲದೊಲೆಗೆ ಹಾಕುವ ಒಂದು ಇಡೀ ಹಂದಿ, ಮಂಜುಗಡ್ಡೆಯಲ್ಲಿ ಮುಳುಗಿಸಿದ ಮೀನು. ದಾರಿಯಲ್ಲಿ ಮೆಲಿಯಾಮೆಯ ಚರ್ಚಿನ ಗೆಳತಿಯ ಮನೆ ಮುಂದೆ ನಿಲ್ಲಿಸಿ, ನಾಳೆಗೆ ಬೇಕಾದ, ಮರದ ತೊಗಟೆ ಬಡಿದು ಮಾಡುವ ತೊಗಟೆಬಟ್ಟೆಯ ದೊಡ್ಡ ಮಡಿಕೆಗಳನ್ನೂ ಹಾಕಿಕೊಂಡರು. ಲಿಸಿಯಾಟೆ ಕ್ಯಾಮೆರಾದ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ತೊಗಟೆಬಟ್ಟೆ ಹೇರಲು ಇಳಿದಾಗ ಅದನ್ನು ಎಲ್ಲೋ ಇಟ್ಟ. ಮತ್ತೆ ಹತ್ತುವಾಗ ಅದು ಮೀನಿನ ಪೆಟ್ಟಿಗೆಯ ಪಕ್ಕದಲ್ಲಿ, ಕರಗಿದ ಮಂಜಿನ ನೀರಲ್ಲಿ ಕೂತಿತ್ತು. ರಟ್ಟು ಮೆತ್ತಗಾಗಿ ಬಾಯಿ ಬಿಟ್ಟಿತು.

"ಅಯ್ಯೋ, ಹೊಸಾದು!" ಎಂದು ಮೆಲಿಯಾಮೆ ಕ್ಯಾಮೆರಾ ಎತ್ತಿಕೊಂಡಳು. ಮೈ ಒಣಗಿಯೇ ಇತ್ತು. ಆದರೂ ಕುಪ್ಪಸದ ತೋಳಿನಿಂದ ಒರೆಸಿದಳು. ಆಮೇಲೆ ಮಡಿಕೆಗಳೊಳಗಿಂದ ಸಣ್ಣದೊಂದು ತೊಗಟೆಬಟ್ಟೆಯ ತುಂಡು ಎಳೆದು, ಕಂದು ಹೂವಿನ ಅಚ್ಚು ಹೊರಗೆ ಕಾಣುವಂತೆ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ ಕೊಟ್ಟಳು. "ಹಿಡ್ಕೋ. ಎರಡೂ ಕೈಯಲ್ಲಿ ಹಿಡ್ಕೋ. ಈ ಸೈಮೋನೆ ಓಡ್ಸೋದು ನೋಡಿದ್ಯಲ್ಲ."

ಲಿಸಿಯಾಟೆ ಎರಡೂ ಕೈಯಲ್ಲಿ ಹಿಡಿದುಕೊಂಡ. ತೊಗಟೆಬಟ್ಟೆ ಮೆತ್ತಗಿತ್ತು, ಒಣಗಿದ ಮರದ ವಾಸನೆ ಹೊಡೆಯುತ್ತಿತ್ತು. ಅವನ ತಲೆಯಲ್ಲಿ ಆಗಲೇ ನೀರು ಇಳಿಯತೊಡಗಿತ್ತು. ಬೂದು ಬೆಳಕು, ಕೆಸರಿನ ಮೇಲೆ ಉಳಿದ ನೀರಿನ ಗೆರೆಗಳು, ಒಂದು ಹಕ್ಕಿ. ಬೇಡ, ಹಕ್ಕಿಯೂ ಬೇಡ.

ಸೋದರತ್ತೆಯ ಮನೆಯಂಗಳದಲ್ಲಿ ಹಬ್ಬ ಒಂದು ದಿನ ಮೊದಲೇ ಶುರುವಾಗಿತ್ತು. ನೆಲದೊಲೆಗೆ ಗುಂಡಿ ತೋಡುವವರು ಗುದ್ದಲಿಗಿಂತ ಹೆಚ್ಚಾಗಿ ಬಾಯಿಯನ್ನೇ ಆಡಿಸುತ್ತಿದ್ದರು. ಹೆಂಗಸರು ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನಹಾಲು ಇಟ್ಟು ಗಂಟು ಕಟ್ಟುತ್ತ, ಯಾರದೋ ಗಂಡನ ಕಥೆಗೆ ಬಿದ್ದು ಬಿದ್ದು ನಗುತ್ತಿದ್ದರು. ಹಜಾರದ ಒಳಗೆ, ಬಾಗಿಲಿಗೆ ಎದುರಾಗಿ, ಇಡೀ ಮನೆಯಲ್ಲಿ ಇದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಫುಸಿ ಅತ್ತೆ ಕೂತಿದ್ದಳು. ಉಳಿದವರೆಲ್ಲ ನೆಲದ ಮೇಲೆ.

ಫುಸಿ ಅತ್ತೆ ಲಿಸಿಯಾಟೆಯ ಅಪ್ಪನ ಅಕ್ಕ. ಅಪ್ಪನ ಅಕ್ಕನಿಗಿಂತ ಮೇಲೆ ಆ ಮನೆತನದಲ್ಲಿ ಯಾರೂ ಇಲ್ಲ. ತಮ್ಮನ ಮಕ್ಕಳ ಹತ್ತಿರ ಇರುವುದೆಲ್ಲ ಅವಳದೇ; ಅವಳು ಕೇಳದೆ ಇರುವುದು ಅವಳ ದೊಡ್ಡತನ. ಅವಳ ಎದುರಿಗೆ ನೆಟ್ಟಗೆ ನಡೆದುಹೋಗುವಂತಿಲ್ಲ. ಬಗ್ಗಿಯೇ ಹೋಗಬೇಕು.

ಒಳಕೋಣೆಗೆ ಹೋಗಿ ಕ್ಯಾಮೆರಾವನ್ನು ಭದ್ರವಾಗಿ ಇಡೋಣ ಎಂದು ಲಿಸಿಯಾಟೆ ಹೊರಟಿದ್ದ, ಅಷ್ಟೇ. ಒಳಕೋಣೆಯ ಬಾಗಿಲು ಅತ್ತೆಯ ಕುರ್ಚಿಯ ಹಿಂದಿತ್ತು. ಅವನು ರೂಢಿಯಂತೆ ಬೆನ್ನು ಬಗ್ಗಿಸಿದ. ಎರಡೂ ಕೈಯಲ್ಲಿ ತೊಗಟೆಬಟ್ಟೆಯ ಗಂಟು ಇತ್ತು. ಜಾರೀತೆಂದು ಅದನ್ನು ಮುಂದಕ್ಕೆ ಚಾಚಿ ಹಿಡಿದಿದ್ದ. ಯಾರದೋ ಕಾಲು ದಾಟುವಾಗ ಮೊಣಕಾಲು ನೆಲ ಮುಟ್ಟಿತು.

ಹಜಾರದಲ್ಲಿದ್ದವರೆಲ್ಲ ಅವನತ್ತ ತಿರುಗಿದರು.

ಹಬ್ಬದ ಮುನ್ನಾದಿನ, ತೊಗಟೆಬಟ್ಟೆಯಲ್ಲಿ ಸುತ್ತಿದ ವಸ್ತು, ಎರಡು ಕೈ, ಬಗ್ಗಿದ ತಲೆ, ಎದುರಿಗೆ ಅಪ್ಪನ ಅಕ್ಕ. ಕಳೆದ ವರ್ಷ ಟೋಂಗಾದ ಒಂದು ಸಿನಿಮಾ ತೋರಿಸಿ, ಅವನೇ ಒಂದು ಇಡೀ ಗಂಟೆ ಈ ಬಗ್ಗೆ ಪಾಠ ಮಾಡಿದ್ದ. ತೊಗಟೆಬಟ್ಟೆ ಸುತ್ತಿದ ಮೇಲೆ ವಸ್ತು ವಸ್ತುವಾಗಿ ಉಳಿಯುವುದಿಲ್ಲ, ಅದು ಕೊಡುವವನ ಕೈಬಿಟ್ಟು ಆಗಲೇ ಹೊರಟಿರುತ್ತದೆ ಎಂದು ಹಲಗೆಯ ಮೇಲೆ ಬರೆದಿದ್ದ. ವಿದ್ಯಾರ್ಥಿಗಳು ಬರೆದುಕೊಂಡಿದ್ದರು. ಅದೆಲ್ಲ ಈಗ, ನೆಲಕ್ಕೆ ಮೊಣಕಾಲು ತಾಗಿದ ಮೇಲೆ ನೆನಪಾಯಿತು.

ಫುಸಿ ಅತ್ತೆ ಕೈ ಚಾಚಿ ಗಂಟನ್ನು ತೆಗೆದುಕೊಂಡಳು. ಕಾಣಿಕೆ ಒಪ್ಪಿಕೊಂಡ ಗುರುತಿಗೆ ತಲೆಯ ಎತ್ತರಕ್ಕೆ ಎತ್ತಿ ಹಿಡಿದಳು.

"ಭಲೇ!" ಎಂದು ಬಾಗಿಲಲ್ಲಿ ನಿಂತಿದ್ದ ಸೈಮೋನೆ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅತ್ತೆ, ಅದು..." ಎಂದ ಲಿಸಿಯಾಟೆ.

"ಗೊತ್ತು ಕಣೋ, ದುಬಾರೀದು. ಸುತ್ತಿರೋದು ನೋಡಿದ್ರೇ ಗೊತ್ತಾಗುತ್ತೆ." ಅತ್ತೆ ಬಟ್ಟೆ ಬಿಚ್ಚಿದಳು. ಅವಳ ಕಣ್ಣು ತುಂಬಿಕೊಂಡಿತು. ಸುತ್ತ ಕೂತವರ ಕಡೆ ತಿರುಗಿ ಗದರಿದಳು: "ಏನಂತಿದ್ರಿ ನೀವೆಲ್ಲ? ಓದಿ ಓದಿ ಇವನು ನಮ್ಮನ್ನ ಮರೆತ, ಇವನಿಗೆ ನೆಂಟ್ರೂ ಬೇಡ, ನೆಂಟಸ್ತಿಕೇನೂ ಬೇಡ ಅಂತಿದ್ರಲ್ಲ? ಈಗ ಹೇಳಿ!"

ಗುಂಡಿ ತೋಡುವವನೊಬ್ಬ ಒಳಕ್ಕೆ ಇಣುಕಿ, "ನಾನು ಹಾಗೆ ಅಂದೇ ಇಲ್ಲಪ್ಪ" ಎಂದ. ಅಂದವನು ಅವನೇ ಎಂದು ಎಲ್ಲರಿಗೂ ಖಾತ್ರಿಯಾಗಿ ಮತ್ತೆ ನಗೆ ಎದ್ದಿತು.

ಲಿಸಿಯಾಟೆಯ ಬಾಯಿ ತೆರೆದೇ ಇತ್ತು. ಒಂದು ಮಾತು ಸಾಕಿತ್ತು. ಇದು ಕಾಣಿಕೆಯಲ್ಲ, ಅತ್ತೆ, ನಂದು, ನನಗೊಬ್ಬನಿಗೇ ಅಂತ ತಂದಿದ್ದು. ಮನೆಯಲ್ಲಾಡುವ ಟೋಂಗಾದ ಭಾಷೆಯಲ್ಲಿ ಆ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿದ. ಯಾವ ಪದವೂ ತಪ್ಪಿರಲಿಲ್ಲ. ಆದರೂ ಅದು ಅನುವಾದದಂತೆ ಕೇಳಿಸಿತು.

"ನಿಮಗೆ ಇಷ್ಟ ಆಯ್ತಾ, ಅತ್ತೆ?" ಎಂದ.

ಅಂಗಳದಲ್ಲಿ ಅಮ್ಮ ಕೆಸುವಿನೆಲೆ ತೊಳೆಯುತ್ತಿದ್ದಳು. ಅವನು ಪಕ್ಕದಲ್ಲಿ ಹೋಗಿ ನಿಂತ.

"ಅಮ್ಮ, ನಿನಗೆ ಗೊತ್ತಿತ್ತಾ?"

"ಏನು?"

"ಆ ಬಟ್ಟೆ."

"ಗೀರು ಬೀಳಬಾರ್ದು ಅಂತ ಸುತ್ತಿದೆ."

"ಅಷ್ಟೇನಾ?"

ಅವಳು ಎಲೆಯೊಂದನ್ನು ಬೆಳಕಿಗೆ ಹಿಡಿದು ಹುಳು ಇದೆಯೇ ಎಂದು ನೋಡಿದಳು. "ಉಪ್ಪು ತಂದ್ಯಾ?"

"ಯಾವ ಉಪ್ಪು?"

"ಹೇಳಿದ್ನಲ್ಲ, ವ್ಯಾನಲ್ಲಿ. ನೀನು ಎಲ್ಲಿದ್ಯೋ."

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಮ್ಮನ ತುಟಿಯ ಅಂಚಿನಲ್ಲಿ ಇದ್ದದ್ದು ನಗೆಯೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೋ ಎಂದು ನೋಡುತ್ತ ನಿಂತ. ಕ್ಯಾಮೆರಾ ಇದ್ದಿದ್ದರೆ ಹತ್ತಿರಕ್ಕೆ ಎಳೆದು ನೋಡಬಹುದಿತ್ತು.

ಇನ್ನೂ ಒಂದು ದಾರಿ ಇತ್ತು. ಹಜಾರಕ್ಕೆ ವಾಪಸು ಹೋಗಿ, ಬಗ್ಗಿ, ಅತ್ತೆಯ ಕಾಲ ಬಳಿ ಕೂತ. "ಅತ್ತೆ, ನಾಳೆ ಬೆಳಿಗ್ಗೆ ಅದು ಸ್ವಲ್ಪ ಹೊತ್ತು ನನಗೆ ಬೇಕಿತ್ತು. ಚರ್ಚಿಗೆ ಮುಂಚೆ."

"ಸ್ವಲ್ಪ ಹೊತ್ತು ಏನೋ? ನಾಳೆ ಇಡೀ ದಿನ ನಿನ್ನ ಕೈಲೇ ಇರುತ್ತೆ! ಬೆಳಕು ಹರಿಯೋಕೆ ಮುಂಚೆ ಬ್ಯಾಂಡಿನವರು ಬರ್ತಾರೆ, ಅಲ್ಲಿಂದ ಶುರು ಮಾಡು. ಇನ್ಯಾರಿಗೂ ಮುಟ್ಟೋಕೆ ಬಿಡಲ್ಲ ನಾನು. ಈ ಸೈಮೋನೆಗಂತೂ ಇಲ್ವೇ ಇಲ್ಲ. ನನ್ನ ಎಪ್ಪತ್ತನೇ ವರ್ಷದಲ್ಲಿ ಇವನ ಹೆಬ್ಬೆರಳು ಬೇಡ."

"ಅಮ್ಮಾ!" ಎಂದ ಸೈಮೋನೆ, ಎದೆಗೆ ಕೈಯಿಟ್ಟುಕೊಂಡು. "ಆ ಹೆಬ್ಬೆರಳಿಗೆ ಅಭಿಮಾನಿಗಳಿದ್ದಾರೆ."

"ಈಗ ಹಾಕೋ ಇದನ್ನ. ಹೇಗೆ ಕಾಣುತ್ತೆ ನೋಡೋಣ."

ಲಿಸಿಯಾಟೆ ಡಬ್ಬಿಗಳ ಗೋಪುರವೊಂದನ್ನು ಕಟ್ಟಿ ಅದರ ಮೇಲೆ ಕ್ಯಾಮೆರಾ ಕೂರಿಸಿದ. ಪರದೆಯನ್ನು ತೆರೆದ. ತಿರುಗಿಸಿದ. ಬೇರೆ ದಾರಿಯಿರಲಿಲ್ಲ, ಅತ್ತೆಗೆ ತನ್ನನ್ನು ತಾನು ನೋಡಬೇಕಿತ್ತು.

"ಅಯ್ಯಯ್ಯೋ, ಯಾರೇ ಈ ಹುಡುಗಿ?" ಎಂದಳು ಫುಸಿ ಅತ್ತೆ. ಮುಡಿಯಲ್ಲಿದ್ದ ಬಾಚಣಿಗೆ ತೆಗೆದು ಮತ್ತೆ ಸಿಕ್ಕಿಸಿದಳು. "ಇದೇನೋ ಚೌಕ, ನನ್ನ ಮುಖದ ಸುತ್ತ?"

"ಅದು ಮುಖ ಗುರುತು ಹಿಡಿಯುತ್ತೆ, ಅತ್ತೆ. ಮುಖ ಎಲ್ಲಿ ಹೋದ್ರೆ ಅಲ್ಲಿ ಹೋಗುತ್ತೆ. ಚಿತ್ರ ಮಸುಕಾಗದ ಹಾಗೆ ನೋಡ್ಕೊಳ್ಳುತ್ತೆ."

ಅತ್ತೆ ಎಡಕ್ಕೆ ವಾಲಿದಳು. ಬಿಳಿಯ ಪುಟ್ಟ ಚೌಕ ಎಡಕ್ಕೆ ವಾಲಿತು. ಬಲಕ್ಕೆ ವಾಲಿದಳು, ಬಲಕ್ಕೆ. ಸೊಂಟದಿಂದ ಮೇಲೆ ಕುಣಿದಳು, ಚೌಕವೂ ಕುಣಿಯಿತು. ಮನೆಯೆಲ್ಲ ಹಜಾರಕ್ಕೆ ನುಗ್ಗಿತು. ಒಬ್ಬೊಬ್ಬರೂ ಮುಂದೆ ಬಂದು, ದಿಂಬಿನ ಹಿಂದೆ ಅಡಗಿ, ಥಟ್ಟನೆ ತಲೆ ಎತ್ತಿದರು. ಚೌಕ ಯಾರನ್ನೂ ಬಿಡಲಿಲ್ಲ. ತೊಟ್ಟಿಲ ಮಗುವನ್ನು ಹಿಡಿಯಿತು. ಹಲ್ಲಿಲ್ಲದ ಮುದುಕನನ್ನು ಹಿಡಿಯಿತು. ಹೆಂಗಸರು ಕೆಸುವಿನೆಲೆಯಲ್ಲಿ ಮುಖ ಮರೆಮಾಡಿ ಒಂದೇ ಒಂದು ಕಣ್ಣು ಬಿಟ್ಟರು. ಆ ಕಣ್ಣಿಗೇ ಹೋಗಿ ಅಂಟಿತು. ಕೊನೆಗೆ ಸೈಮೋನೆ ವ್ಯಾನಿನಿಂದ ಹಂದಿಯನ್ನೇ ಹೆಗಲ ಮೇಲೆ ಹೊತ್ತು ತಂದ. ಹಂದಿಯ ಮುಖವನ್ನು ಕ್ಯಾಮೆರಾಗೆ ತೋರಿಸಿದ. ಚೌಕ ಒಂದು ಕ್ಷಣ ಯೋಚಿಸಿ, ಸೈಮೋನೆಯ ಮುಖ ಬಿಟ್ಟು, ಹಂದಿಯ ಮುಖದ ಮೇಲೆ ಕೂತಿತು.

ಜನ ನೆಲದ ಮೇಲೆ ಉರುಳಿ ನಕ್ಕರು. ಲಿಸಿಯಾಟೆಯೂ ನಕ್ಕ. ತಾನು ನಗುತ್ತಿರುವುದು ಅವನ ಗಮನಕ್ಕೆ ಬಂತು. ಬಂದ ಕೂಡಲೇ ನಿಂತಿತು.

"ಈಗ ನಮ್ಮ ಮೇಷ್ಟ್ರು" ಎಂದಳು ಅತ್ತೆ.

"ನಾನು ಹಿಂದೆ ನಿಂತು ನೋಡ್ಕೋಬೇಕು, ಅತ್ತೆ."

"ಅದು ತಾನೇ ನೋಡ್ಕೊಳ್ಳುತ್ತೆ ಅಂದ್ಯಲ್ಲ. ಬಾ, ಕೂತ್ಕೋ. ಟೋಂಗಾದವರಿಗೆ, ಸಾಲ್ಟ್ ಲೇಕಿಗೆ ಹೋಗಿ ನೆಲೆಸಿರೋ ನಮ್ಮೋರಿಗೆ ನಾಲ್ಕು ಮಾತು ಹೇಳು. ನಿಮ್ಮಪ್ಪ ಇದ್ದಿದ್ರೆ ಅವನೇ ಹೇಳ್ತಿದ್ದ. ಈಗ ಮನೆ ಕಡೆಯಿಂದ ಹೇಳೋನು ನೀನೇ."

ಹಜಾರ ತೆರವಾಯಿತು. ಎಲ್ಲರೂ ಪರದೆ ಕಾಣುವಂತೆ ಕ್ಯಾಮೆರಾದ ಪಕ್ಕಕ್ಕೆ ಸರಿದು ಕೂತರು. ಲಿಸಿಯಾಟೆ ಅದರೆದುರು ಒಬ್ಬನೇ ನೆಲದ ಮೇಲೆ ಕೂತ. ಅವನ ಬೆನ್ನಿಗೆ ದೊಡ್ಡ ಕಿಟಕಿ, ಅದರಾಚೆ ಇಳಿಬಿಸಿಲು. ಕಿಟಕಿಯ ಮಗ್ಗುಲಿಗೆ, ಅವನ ತಲೆಯಿಂದ ತುಸು ಮೇಲೆ, ಅಪ್ಪನ ದೊಡ್ಡ ಫೋಟೋ. ಅದಕ್ಕೆ ಕವಡೆಯ ಹಾರ, ಚಾಕೊಲೇಟಿನ ಹಾರ, ಹಬ್ಬಕ್ಕೆಂದು ಸುತ್ತಿದ್ದ ಬಣ್ಣಬಣ್ಣದ ದೀಪದ ಸರ. ಅಪ್ಪ ಬದುಕಿದ್ದಾಗ ಅವನ ತಲೆ ಮುಟ್ಟುವಂತಿರಲಿಲ್ಲ. ಅವನ ಎದುರು ಮಕ್ಕಳ ತಲೆ ಅವನ ತಲೆಗಿಂತ ಮೇಲಿರುವಂತಿರಲಿಲ್ಲ. ಈಗಲೂ ಇರಲಿಲ್ಲ.

ಕೆಂಪು ಚುಕ್ಕೆ ಹತ್ತಿಕೊಂಡಿತು.

"ಎಲ್ಲರಿಗೂ..." ಎಂದು ಶುರುಮಾಡಿದ.

ಪುಟ್ಟ ಪರದೆಯಲ್ಲಿ ಚೌಕ ಹುಡುಕಾಡುತ್ತಿತ್ತು. ಅವನ ಭುಜದ ಹತ್ತಿರ ಬಂತು. ಹೋಯಿತು. ಆಮೇಲೆ ನಿಧಾನವಾಗಿ ಮೇಲೇರಿ, ಅಪ್ಪನ ಮುಖದ ಸುತ್ತ ನಿಂತಿತು.

"ನನ್ನ ತಮ್ಮ!" ಎಂದು ಫುಸಿ ಅತ್ತೆ ಕಿರುಚಿದಳು. "ನೋಡ್ರೇ, ನನ್ನ ತಮ್ಮನ್ನ ಗುರುತು ಹಿಡೀತು!"

ಹಿಂದಿನಿಂದ ಬೆಳಕು ಬಿದ್ದರೆ ಮುಂದಿನ ಮುಖ ಕಪ್ಪಾಗುತ್ತದೆ, ಫೋಟೋಗೆ ದೀಪವಿದೆ, ಅಷ್ಟೇ. ಲಿಸಿಯಾಟೆಗೆ ಇದು ಚೆನ್ನಾಗಿ ಗೊತ್ತಿತ್ತು, ಪಾಠವನ್ನೇ ಮಾಡಬಲ್ಲ. ಎಡಕ್ಕೆ ವಾಲಿದ. ಚೌಕ ಅಲ್ಲಾಡಲಿಲ್ಲ. ಬಲಕ್ಕೆ ವಾಲಿದ. ಮುಂದಕ್ಕೆ ಬಗ್ಗಿ, ಕಣ್ಣನ್ನು ದೊಡ್ಡದಾಗಿ ಬಿಟ್ಟು, ಹಂದಿಯನ್ನು ತೋರಿಸಿದ ಹಾಗೆ ತನ್ನ ಮುಖವನ್ನು ತಾನೇ ತೋರಿಸಿದ.

"ನಿಮ್ಮಪ್ಪ ಅಲ್ಲಿಂದ ಜರುಗಲ್ಲ" ಎಂದಳು ಮೆಲಿಯಾಮೆ, ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ, ನಗುತ್ತ. "ಆವತ್ತು ಆ ಅಂಗಡೀಲೂ ಹೀಗೇ. ಟಿವೀಲಿರೋನು ಮೊದಲು ಹೋಗ್ಲಿ, ಆಮೇಲೆ ನಾನು ಹೋಗ್ತೀನಿ, ಇಲ್ದಿದ್ರೆ ಮರ್ಯಾದೆ ಅಲ್ಲ ಅಂತ ನಿಂತೇ ಇದ್ರು. ಅಂಗಡಿ ಮುಚ್ಚೋವರೆಗೂ."

ಮನೆ ಮತ್ತೆ ನಗೆಯಲ್ಲಿ ಮುಳುಗಿತು. ಯಾರೋ ಹಾಡು ಎತ್ತಿಕೊಂಡರು, ಯಾರೋ ಡಬ್ಬಿಯ ಮೇಲೆ ತಾಳ ಹಾಕಿದರು. "ಹೇಳು, ಮೇಷ್ಟ್ರೇ, ಹೇಳು" ಎಂದು ಸೈಮೋನೆ ಆಚೆಯಿಂದ ಕೈಯಾಡಿಸುತ್ತಿದ್ದ. ಲಿಸಿಯಾಟೆ ಪರದೆಯನ್ನೇ ನೋಡುತ್ತಿದ್ದ. ಅದರಲ್ಲಿ ದೀಪಗಳ ನಡುವೆ ಅಪ್ಪನ ಮುಖ, ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಅದರ ಕೆಳಗೆ, ಮನುಷ್ಯ ಕೂತಷ್ಟು ಅಗಲದ, ಕಪ್ಪನೆಯ, ಒದ್ದೆ ಒದ್ದೆಯಾಗಿ ಅಂಚಷ್ಟೇ ಹೊಳೆಯುವ ಒಂದು ಜಾಗ. ನೀರೆಲ್ಲ ಇಳಿದುಹೋದ ಮೇಲಿನ ಕೆಸರುಬಯಲಿನಂತೆ. ಅದರಲ್ಲಿ ಹಕ್ಕಿಯೂ ಇರಲಿಲ್ಲ.

ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಈ ಕ್ಯಾಮೆರಾ ಬಿಸಿಯಾಗಿ ನಡುವೆ ನಿಂತುಹೋಗುವ ಜಾತಿಯದಲ್ಲ.